ಮದ್ದಿನ ಡಬ್ಬಿಯ ಪಕ್ಕ ನನ್ನ ಎಂಜಲು

ಹುಡುಗಿ ನನ್ನ ಬೆನ್ನು ಮುಟ್ಟಿ ‘ಖೋ’ ಅಂದಳು. ನಾನು ಏಳಲಿಲ್ಲ.

ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಪಿಟಿ ಟೀಚರ್. ಹೆಣ್ಣುಮಕ್ಕಳ ಖೋಖೋ ತಂಡ ನಾನೇ ಕಟ್ಟಿ ಬೆಳೆಸಿದ್ದು. ಓಡುವುದು ಎಲ್ಲರಿಗೂ ಬರುತ್ತದೆ, ಕೂತವಳು ಏಳುವುದರಲ್ಲೇ ಇರುವುದು ಆಟ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಕುಕ್ಕರಗಾಲಲ್ಲಿ ಕೂತು, ಬೆರಳುಗಳನ್ನು ನೆಲಕ್ಕೆ ಊರಿ, ಹಿಂದಿನಿಂದ ‘ಖೋ’ ಕೇಳಿದ ಕೂಡಲೇ ಚಿಮ್ಮಬೇಕು. ಬರೀ ಹೇಳಿ ಸುಮ್ಮನಿರುವ ಜಾಯಮಾನ ನನ್ನದಲ್ಲ, ಮಾಡಿ ತೋರಿಸಿದರೇ ಸಮಾಧಾನ. ಆ ದಿನವೂ ಸಾಲಿನ ನಡುವೆ ಹೋಗಿ ಕೂತೆ. ತಂಡದ ಕ್ಯಾಪ್ಟನ್ ಹರ್ಷಿತಾ ಹಿಂದಿನಿಂದ ಬಂದು ಬೆನ್ನು ಮುಟ್ಟಿದಳು. ಕಿವಿಗೆ ಕೇಳಿಸಿತು. ತೊಡೆಗೆ ಕೇಳಿಸಲಿಲ್ಲ.

ನೋವಿರಲಿಲ್ಲ. ಜೋಮು ಹಿಡಿದಿರಲಿಲ್ಲ. ಬಲವೇ ಇರಲಿಲ್ಲ.

ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಮಕ್ಕಳು ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ? ಮುಂದಕ್ಕೆ ಬಗ್ಗಿ, ಅಂಗೈ ಊರಿ, ಆಮೇಲೆ ಒಂದೊಂದೇ ಕೈಯನ್ನು ಮಂಡಿಯ ಮೇಲೆ, ತೊಡೆಯ ಮೇಲೆ ಇಡುತ್ತ ನನ್ನ ಮೈಯನ್ನು ನಾನೇ ಹತ್ತಿಕೊಂಡು ಎದ್ದೆ. “ಹೀಗೆ ಏಳಬಾರದು ಅಂತ ತೋರಿಸಿದ್ದು,” ಅಂದೆ. ಹರ್ಷಿತಾ ಮಾತ್ರ ನಗಲಿಲ್ಲ.

ಮೈ ಅದಕ್ಕೂ ಮೊದಲೇ ಸೂಚನೆ ಕೊಡುತ್ತಿತ್ತು. ನನಗೆ ಅದು ಹೊಗಳಿಕೆಯಾಗಿ ತಲುಪುತ್ತಿತ್ತು. ಚಿಕ್ಕಂದಿನಿಂದ ನಾನು ಕಡ್ಡಿ. ಕೆನ್ನೆ ತುಂಬಿಕೊಂಡಿದ್ದನ್ನು ನೋಡಿ ನಮ್ಮ ಬೀದಿಯವರಿಗೆಲ್ಲ ಖುಷಿಯೋ ಖುಷಿ. “ಈಗ್ ನೋಡವ್ವ, ಮುಖಕ್ಕೊಂದು ಕಳೆ ಬಂದೈತೆ,” ಎಂದು ಎದುರುಮನೆಯವರು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಹೇಳುತ್ತಿದ್ದರು. ಹೊಟ್ಟೆ ಬಂತು. ಕೈಕಾಲು ಮಾತ್ರ ಸಣ್ಣವೇ ಉಳಿದವು. ಸುಮ್ಮನೆ ಬಾಗಿಲಿಗೆ ತಾಗಿದರೂ ತೋಳಿನಲ್ಲಿ ನೀಲಿ ಕಲೆ ಏಳುತ್ತಿತ್ತು. ಗಲ್ಲದಲ್ಲಿ ಹದಿನೆಂಟರ ಹುಡುಗಿಯರ ಹಾಗೆ ಮೊಡವೆ. ನಲವತ್ತಾದ ಮೇಲೆ ಹೆಂಗಸರ ಮೈ ಹೀಗೇ ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ನಾನೂ ಒಪ್ಪಿಕೊಂಡೆ.

ಆ ಚಳಿಗಾಲದಲ್ಲಿ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋದೆವು. ಹಳೇಬೀಡಿನ ದೇವಸ್ಥಾನದ ಜಗತಿ ಕಟ್ಟೆಯ ಮೆಟ್ಟಿಲು ಏನು ಮಹಾ? ನಾನು ಪಕ್ಕದ ಕಲ್ಲು ಹಿಡಿದು ಹತ್ತಿದೆ. ಬೇಲೂರಿನಲ್ಲಿ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡೆವು. ಮರುದಿನ ಸ್ಟಾಫ್ ರೂಮಿನಲ್ಲಿ ಆ ಫೋಟೋ ನೋಡುತ್ತ, “ಈ ಕೊನೇಲಿ ನಿಂತಿರೋ ದಪ್ಪ ಮುಖದವರು ಯಾರು? ಡ್ರೈವರ್ ಮನೆಯವರಾ?” ಎಂದು ಕೇಳಿದೆ.

ಪಕ್ಕದವರು ಫೋಟೋವನ್ನೂ ನನ್ನ ಮುಖವನ್ನೂ ನೋಡಿದರು.

ಅದು ನಾನೇ.

ನಮ್ಮ ಮನೆಯ ಹತ್ತಿರದ ಕ್ಲಿನಿಕ್‌ಗೆ ಹೋದೆ. ಬಿಪಿ ಸ್ವಲ್ಪ ಜಾಸ್ತಿ, ಶುಗರ್ ಗಡಿಯಲ್ಲಿ, ಥೈರಾಯ್ಡ್ ನಾರ್ಮಲ್. “ಏನಾದ್ರೂ ಮೆಡಿಸಿನ್ ತಗೊಳ್ತಿದ್ದೀರಾ?” ಎಂದು ಡಾಕ್ಟರು ಕೇಳಿದರು. “ಇಲ್ಲ,” ಅಂದೆ. ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲೇ ಇಲ್ಲ. ವಿಟಮಿನ್ ಮಾತ್ರೆ ಬರೆದುಕೊಟ್ಟು, ಟೆನ್ಷನ್ ಕಮ್ಮಿ ಮಾಡಿಕೊಳ್ಳಿ ಅಂದರು.

ಟೆನ್ಷನ್ ಎಷ್ಟಿದೆ ಎಂದು ಗೊತ್ತಿಲ್ಲದೆ ಕಮ್ಮಿ ಮಾಡುವುದು ಹೇಗೆ? ನನ್ನ ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್ ನೇತಾಡುತ್ತಿರುತ್ತದೆ. ಅಳೆಯದೆ ಇರುವ ಯಾವುದನ್ನೂ ನಾನು ನಂಬುವುದಿಲ್ಲ. ಆಗಲೇ ಫೋನಿನಲ್ಲಿ ಒಂದು ಜಾಹೀರಾತು ಬಂತು. ಒತ್ತಡದ ಹಾರ್ಮೋನನ್ನು ಮನೆಯಲ್ಲೇ ಅಳೆದುಕೊಳ್ಳಿ, ಸೂಜಿಯಿಲ್ಲ, ರಕ್ತವಿಲ್ಲ, ಬರೀ ಎಂಜಲು ಸಾಕು. ತರಿಸಿಯೇಬಿಟ್ಟೆ.

ಪೆಟ್ಟಿಗೆಯೊಳಗೆ ನಾಲ್ಕು ಪುಟ್ಟ ಟ್ಯೂಬುಗಳಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು, ಮಲಗುವ ಮುಂಚೆ ಒಂದು. ಕಾರ್ಟಿಸಾಲ್ ಎನ್ನುವ ಈ ಹಾರ್ಮೋನು ಬೆಳಿಗ್ಗೆ ಜಾಸ್ತಿಯಿದ್ದು ನಮ್ಮನ್ನು ಎಬ್ಬಿಸುತ್ತದಂತೆ, ಕತ್ತಲಾಗುತ್ತ ಇಳಿಯುತ್ತದಂತೆ. ಮೊದಲನೆಯ ಟ್ಯೂಬು ತುಂಬುವ ತನಕ ಕಾಫಿ ಕುಡಿಯುವ ಹಾಗಿಲ್ಲ, ಬಾಯಿ ತೊಳೆಯುವ ಹಾಗಿಲ್ಲ. ನಮ್ಮ ಅತ್ತೆ ಗೌರಮ್ಮನವರು ಕಾಫಿ ಲೋಟ ಹಿಡಿದು ಎದುರಿಗೇ ನಿಂತಿದ್ದರು. ಹಾಸಿಗೆಯ ಮೇಲೆ ಕೂತು ಟ್ಯೂಬಿಗೆ ಉಗುಳುತ್ತಿದ್ದ ಸೊಸೆಯನ್ನು ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಆಮೇಲೆ ಹೇಳುತ್ತಾರೆ ಎಂದೇ ಅರ್ಥ.

ಮಧ್ಯಾಹ್ನದ್ದನ್ನು ಶಾಲೆಯ ಕ್ರೀಡಾಸಾಮಗ್ರಿ ಕೋಣೆಯಲ್ಲಿ, ಹಗ್ಗ ಚೆಂಡುಗಳ ನಡುವೆ ಕದ್ದು ತುಂಬಿದೆ. ರಾತ್ರಿಯದೂ ಮುಗಿಯಿತು. ಕೊರಿಯರ್‌ನವರು ಮರುದಿನ ಬರುತ್ತಾರೆ, ಅಲ್ಲಿಯವರೆಗೆ ತಣ್ಣಗಿರಬೇಕು. ಟ್ಯೂಬುಗಳನ್ನು ಫ್ರಿಜ್ಜಿನ ಬಾಗಿಲಲ್ಲಿ ಒಂದು ಡಬ್ಬಿಯ ಪಕ್ಕ ನಿಲ್ಲಿಸಿದೆ. ಬೆಳಿಗ್ಗೆ ಹಾಲು ತೆಗೆಯಲು ಹೋದ ಅತ್ತೆ ಅಲ್ಲೇ ನಿಂತುಬಿಟ್ಟರು.

“ಇದೇನವ್ವಾ, ನಿನ್ನೆ ಉಗುಳಿದ್ಯಲ್ಲ ಅದಾ?”

“ಹೌದು ಅತ್ತೆ. ಸೀಲ್ ಮಾಡಿದೀನಿ. ಈಗ ತಗೊಂಡು ಹೋಗ್ತಾರೆ.”

“ಸೀಲಾದ್ರೂ ಎಂಜ್ಲು ಎಂಜ್ಲೇ ಕಣವ್ವ. ಹಾಲು ಮೊಸ್ರು ಇಡೋ ಜಾಗ. ಅದೂ ಹೋಗ್ಲಿ, ಮದ್ದಿನ ಪಕ್ಕಾನೇ ಇಟ್ಟಿದ್ದೀಯಲ್ಲ. ಮೈಲಿಗೆ ಆದ ಮದ್ದು ಹಿಡಿದೀತಾ?”

ನನ್ನ ಗಂಡ ಪ್ರಕಾಶ್ ರೈಲ್ವೆಯ ಸಿಗ್ನಲ್ ವಿಭಾಗದವರು. ಎರಡು ಕಡೆಯಿಂದ ಬರುವ ಗಾಡಿಗಳನ್ನು ಡಿಕ್ಕಿಯಾಗದಂತೆ ನೋಡಿಕೊಳ್ಳುವುದು ಅವರ ಕಸುಬು. ಮನೆಯಲ್ಲಿ ಮಾತ್ರ ಅದನ್ನು ಮಾಡುವುದಿಲ್ಲ, ಪೇಪರ್ ಓದುತ್ತಾರೆ. ಆ ಬೆಳಿಗ್ಗೆಯೂ ಓದಿದರು, ನಮ್ಮ ಒಂದು ಮಾತೂ ಅವರ ಕಿವಿಗೆ ಬೀಳಲಿಲ್ಲ. ಅತ್ತೆ ಫ್ರಿಜ್ಜನ್ನು ಪೂರ್ತಿ ಖಾಲಿ ಮಾಡಿ, ಅರಿಶಿನದ ನೀರಿನಲ್ಲಿ ಒರೆಸಿ, ಡಬ್ಬಿಯನ್ನು ದೇವರ ಗೂಡಿಗೆ ಸಾಗಿಸಿದರು.

ಆ ಡಬ್ಬಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಅದಕ್ಕೂ ಒಂದು ವರ್ಷದ ಹಿಂದೆ ನನಗೆ ಮಂಡಿನೋವು ಬಂದಿತ್ತು. ಮಗಳಂಥ ಸೊಸೆ ಕುಂಟುವುದನ್ನು ನೋಡಲಾಗದೆ ಅತ್ತೆ ನನ್ನನ್ನು ಹಳೇಬೀಡಿನಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಮರದ ಕೆಳಗೆ ಕೂತು ಪುಡಿ ಕೊಡುವವನ ಹತ್ತಿರ ಕರೆದುಕೊಂಡು ಹೋಗಿದ್ದರು. ಅತ್ತೆಯ ತವರು ಅಲ್ಲೇ ಹತ್ತಿರ. ಕಂದುಬಣ್ಣದ ಪುಡಿ, ಬೆಳಿಗ್ಗೆ ತುಪ್ಪದಲ್ಲಿ ಕಲಸಿ ನೆಕ್ಕಬೇಕು. ಬದನೆಕಾಯಿ, ಕುಂಬಳಕಾಯಿ, ಹುಳಿ ಬಿಟ್ಟು ಪಥ್ಯ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಗೊಳ್ಳುತ್ತಿರುವುದನ್ನು ಯಾರಿಗೂ ಹೇಳಬಾರದು. ಹೇಳಿದರೆ ಮದ್ದಿನ ಗುಣ ಹೊರಟುಹೋಗುತ್ತದೆ. ನಾನು ಒಳಗೊಳಗೇ ನಕ್ಕೆ, ಆದರೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ನಮ್ಮ ಕಡೆ ನಾಟಿ ಮದ್ದಿನ ನಿಯಮ ಇದು, ಓದಿದವರೂ ಪಾಲಿಸುತ್ತೇವೆ. ಒಂದೇ ವಾರದಲ್ಲಿ ನೋವು ಮಾಯವಾಯಿತು. ಮೈಗೆ ಹುರುಪು ಬಂತು, ಹಸಿವು ಬಂತು. ಅಂದಿನಿಂದ ಅತ್ತೆ ತವರಿಗೆ ಹೋದಾಗಲೆಲ್ಲ ಡಬ್ಬಿ ತುಂಬಿಸಿಕೊಂಡು ಬರುತ್ತಿದ್ದರು. ನಮ್ಮಲ್ಲಿ ಮೆಡಿಸಿನ್ ಅಂದರೆ ಮಾತ್ರೆ, ಟಾನಿಕ್ಕು, ಇಂಜೆಕ್ಷನ್. ಮದ್ದು ಅಂದರೆ ಬೇರೆ. ಅದಕ್ಕೇ ಕ್ಲಿನಿಕ್ಕಿನಲ್ಲಿ ಅಷ್ಟು ಧೈರ್ಯವಾಗಿ ಇಲ್ಲ ಅಂದಿದ್ದೆ.

ರಿಪೋರ್ಟ್ ಫೋನಿಗೆ ಬಂತು. ಬೆಳಿಗ್ಗೆ ಗುಡ್ಡದ ಹಾಗೆ ಏಳಬೇಕಿದ್ದ ಗೆರೆ ಹಗ್ಗ ಬಿದ್ದ ಹಾಗೆ ನೆಲದಲ್ಲಿ ಮಲಗಿತ್ತು. ಬೆಳಿಗ್ಗೆಯೂ ಇಲ್ಲ, ರಾತ್ರಿಯೂ ಇಲ್ಲ, ಇಡೀ ದಿನ ನನ್ನಲ್ಲಿ ಆ ಹಾರ್ಮೋನೇ ಇಲ್ಲವೆನ್ನುವಷ್ಟು ಕಮ್ಮಿ. ಕೆಳಗೆ ವಿವರಣೆಯಿತ್ತು. ಬಹಳ ಕಾಲದ ಒತ್ತಡದಿಂದ ನಿಮ್ಮ ಗ್ರಂಥಿಗಳು ದಣಿದು ಹೋಗಿವೆ, ನಿಮ್ಮ ಬದುಕಿನಲ್ಲಿ ಒತ್ತಡ ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ, ಅದರಿಂದ ದೂರವಿರಿ, ಧ್ಯಾನ ಮಾಡಿ.

ನಾನು ಅದನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಓದಬಾರದಿತ್ತು.

“ಒತ್ತಡ ಅಂದ್ರೆ ನಾನಾ?” ಎಂದರು ಪ್ರಕಾಶ್. ಅಂದಿನಿಂದ ತಟ್ಟೆ ತೊಳೆದಿಡಲು ಶುರುಮಾಡಿದರು. ಸುದ್ದಿ ಶಾಲೆಗೂ ತಲುಪಿ ಹೆಡ್‌ಮಿಸ್ ನನ್ನ ಒಂದು ಪೀರಿಯಡ್ ಕಮ್ಮಿ ಮಾಡಿದರು. ಎಲ್ಲರೂ ನನ್ನ ಸುತ್ತ ಮೆಲ್ಲಗೆ ನಡೆದಾಡತೊಡಗಿದರು. ನನಗೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಎಷ್ಟು ಹುಡುಕಿದರೂ ನನಗೆ ಒತ್ತಡ ಸಿಗಲಿಲ್ಲ. ನನ್ನ ಕೆಲಸ ನನಗೆ ಇಷ್ಟ. ಗಂಡನ ಮೇಲೆ ದೊಡ್ಡ ದೂರಿಲ್ಲ. ಏಳಲಾಗುತ್ತಿಲ್ಲ ಎನ್ನುವುದೊಂದೇ ನನ್ನ ಒತ್ತಡ. ಏಳಲಾಗದ ಪಿಟಿ ಮಿಸ್ ಶಾಲೆಗೆ ಯಾಕೆ ಬೇಕು? ತಾಲೂಕು ಪಂದ್ಯಕ್ಕೆ ತಂಡ ಕಟ್ಟಬೇಕಾದವಳು ಕುರ್ಚಿ ಹಾಕಿಕೊಂಡು ಕೂತು ಸೀಟಿ ಊದುತ್ತಿದ್ದೆ. ಆ ಕುರ್ಚಿಯಿಂದ ಏಳಲೂ ಎರಡು ಕೈ ಬೇಕಿತ್ತು. ಈ ಕೆಲಸ ಹೋದರೆ ನಾನು ಏನೂ ಅಲ್ಲ ಎಂದು ರಾತ್ರಿ ಹೊದಿಕೆಯೊಳಗೆ ಅತ್ತಿದ್ದೇನೆ.

ಅತ್ತೆ ಮಾತು ನಿಲ್ಲಿಸಿದರು. ಜಗಳವಿಲ್ಲ, ಎಂಜಲಿನ ಸುದ್ದಿಯಿಲ್ಲ. ನಾನು ಏಳುವ ಮುಂಚೆ ನನ್ನ ಬಟ್ಟೆ ಒಗೆದಿಡುತ್ತಿದ್ದರು. ಒಂದು ಸಂಜೆ ಪಕ್ಕ ಬಂದು ಕೂತರು.

“ನನ್ನಿಂದ್ಲೇನವ್ವಾ ನಿಂಗೆ ಹಿಂಗಾಗಿರೋದು? ಇದ್ರೆ ಹೇಳ್ಬುಡು.”

“ಇಲ್ಲ ಅತ್ತೆ. ಆ ಫೋನಿಗೆ ಏನು ಗೊತ್ತು?”

“ಹತ್ತೋರ್ಸದಿಂದ ನಾನೇ ಅಲ್ವಾ ನಿನ್ನ ಜೊತೆ ಒದರಾಡೋದು. ಇನ್ಯಾರವ್ರೆ ಈ ಮನೇಲಿ.”

ಮರುದಿನ ಬ್ಯಾಗು ಹಿಡಿದು ಬಾಣಾವರದ ಮಗಳ ಮನೆಗೆ ಹೊರಟುಹೋದರು. ಸ್ವಲ್ಪ ದಿನ ಇದ್ದು ಬರುತ್ತೇನೆ ಅಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಆ ಮನೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಯಾವತ್ತೂ ಕೇಳಿರಲಿಲ್ಲ. ನನಗೆ ಅವರ ಒದರಾಟ ಬೇಕಿತ್ತು.

ಅವರು ಹೋದ ಮೇಲೆ ಡಬ್ಬಿ ಖಾಲಿಯಾಯಿತು. ತರುವವರು ಅವರೇ. ಹೋಗಲಿ, ಮಂಡಿನೋವು ಹೇಗೂ ಇಲ್ಲವಲ್ಲ ಎಂದು ನಾನು ಸುಮ್ಮನಾದೆ. ಎರಡು ಮೂರು ದಿನ ವಿಪರೀತ ಸುಸ್ತು. ಆಮೇಲೆ ವಾಂತಿ. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ಸಾವಧಾನ್” ಅಂದೆ.

ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಹಾಸನದ ಆಸ್ಪತ್ರೆಯೊಂದರ ಐಸಿಯು. ಕೈಗೆ ಡ್ರಿಪ್. ಬಿಪಿ ಪಾತಾಳಕ್ಕೆ ಇಳಿದಿತ್ತಂತೆ. ಪ್ರಕಾಶ್ ಪಕ್ಕದಲ್ಲಿ ನನ್ನ ಸೀಟಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಅದನ್ನು ಯಾಕೆ ತಂದಿದ್ದರೋ ಅವರಿಗೂ ಗೊತ್ತಿರಲಿಲ್ಲ. ಹಾರ್ಮೋನ್ ಡಾಕ್ಟರು ಬಂದರು. ಗಡಿಬಿಡಿಯಿಲ್ಲದ, ಕಮ್ಮಿ ಮಾತಿನ ಹೆಂಗಸು. ಪ್ರಕಾಶ್ ಫೋನಿನಲ್ಲಿದ್ದ ಎಂಜಲಿನ ರಿಪೋರ್ಟ್ ತೋರಿಸಿದರು. ಆಕೆ ಗೆರೆ ನೋಡಿದರು, ನನ್ನ ಮುಖ ನೋಡಿದರು, ತೋಳಿನ ನೀಲಿ ಕಲೆ ಒತ್ತಿ ನೋಡಿದರು, ಹೊಟ್ಟೆಯ ಮೇಲಿನ ನೇರಳೆ ಗೆರೆಗಳನ್ನೂ ನೋಡಿದರು.

“ಕಾರ್ಟಿಸಾಲ್ ಇಷ್ಟು ಕಮ್ಮಿ ಇರೋರು ಸೊರಗ್ತಾರೆ. ನೀವು ಜಾಸ್ತಿ ಇರೋರ ಥರ ಊದ್ಕೊಂಡಿದ್ದೀರ. ಎರಡೂ ಒಟ್ಟಿಗೆ ಆಗ್ಬೇಕಂದ್ರೆ ಹೊರಗಡೆಯಿಂದ ಏನೋ ಒಳಗೆ ಹೋಗ್ತಿರ್ಬೇಕು. ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್, ಕ್ರೀಮು, ಏನಾದ್ರೂ?”

“ಇಲ್ಲ,” ಅಂದೆ.

“ಇಲ್ಲ,” ಅಂದರು ಪ್ರಕಾಶ್.

ಆಕೆ ಇನ್ನೊಂದು ಸಲ ಕೇಳಿದರು. ನಾವು ಇನ್ನೊಂದು ಸಲ ಇಲ್ಲ ಅಂದೆವು. ಇಬ್ಬರೂ ಪ್ರಾಮಾಣಿಕರೇ.

ಅಷ್ಟು ಹೊತ್ತಿಗೆ ಅತ್ತೆ ಬಂದರು. ಸುದ್ದಿ ಕೇಳಿದವರು ಬಾಣಾವರದಿಂದ ನೇರ ಹಾಸನಕ್ಕೆ ಬರಲಿಲ್ಲ. ಮೊದಲು ಹಳೇಬೀಡಿನ ಕಡೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದರು. ಡಾಕ್ಟರು ಇದ್ದಾರೆ, ನರ್ಸ್ ಇದ್ದಾರೆ, ಅದ್ಯಾವುದೂ ಅವರಿಗೆ ಲೆಕ್ಕಕ್ಕಿಲ್ಲ. ನನ್ನ ತಲೆ ಸವರಿದರು. ಆಮೇಲೆ ತಡೆದಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

“ನಾ ಅವತ್ತೇ ಬಡ್ಕೊಂಡೆ ಕಣ್ರೀ ಡಾಕ್ಟ್ರೇ. ಎಂಜ್ಲು ತಂದು ಮದ್ದಿನ ಪಕ್ಕ ಇಟ್ಲು. ಮದ್ದು ಮೈಲಿಗೆ ಆಯ್ತು. ಅದ್ಕೇ ಹಿಂಗೆ ಬಿದ್ದೋಗವ್ಳೆ. ಈಗ ಹೊಸದು ತಂದಿವ್ನಿ.”

ಡಾಕ್ಟರು ಪೆನ್ನು ಕೆಳಗಿಟ್ಟರು.

“ಯಾವ ಮದ್ದು ಅಜ್ಜಿ?”

ಅತ್ತೆಯ ಕೈ ಬಾಯಿಗೆ ಹೋಯಿತು. ಯಾರಿಗೂ ಹೇಳಬಾರದ ಮಾತು ಹೊರಬಿದ್ದಿತ್ತು. ನಾನು ಮಲಗಿದಲ್ಲಿಂದಲೇ, “ತೋರಿಸಿ ಅತ್ತೆ, ಪರವಾಗಿಲ್ಲ. ಮನೇಲಿದ್ದದ್ದು ಮುಗಿದು ವಾರ ಆಯ್ತು,” ಅಂದೆ. ಅವರು ಸೀರೆಯ ಮಡಿಲಿನಿಂದ ಪೊಟ್ಟಣ ತೆಗೆದು ಡಾಕ್ಟರ ಅಂಗೈಗೆ ಇಟ್ಟರು. ಇನ್ನೂ ಬೆಚ್ಚಗಿತ್ತಂತೆ.

ಡಾಕ್ಟರು ಬೈಯಲಿಲ್ಲ. ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿ, ಅವರಿಗೇ ವಿವರಿಸಿದರು. ಇಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಲ್ಯಾಬಿಗೆ ಕಳಿಸಿ ನೋಡೋಣ ಅಂದರು. ಆಮೇಲೆ, “ದಿನಾ ಹೋಟೆಲಿಂದ ಊಟ ಬರ್ತಿದ್ರೆ ಮನೇಲಿ ಯಾರಾದ್ರೂ ಒಲೆ ಹಚ್ತಾರಾ ಅಜ್ಜಿ?” ಎಂದು ಕೇಳಿದರು.

“ಯಾಕ್ ಹಚ್ಚಾರು.”

“ಇವರ ಮೈಯೂ ಅದನ್ನೇ ಮಾಡಿದೆ. ಪುಡಿಯಿಂದ ಬರ್ತಾ ಇತ್ತು, ಅದಕ್ಕೆ ತನ್ನ ಒಲೆ ಆರಿಸ್ಕೊಂಡು ಕೂತಿದೆ. ಈ ವಾರ ಹೋಟೆಲೂ ಮುಚ್ಚಿತು. ಮೈಗೆ ಊಟಾನೇ ಇಲ್ಲ.”

ಅತ್ತೆ ಪೊಟ್ಟಣದ ಕಡೆ ಬೆರಳು ತೋರಿಸಿದರು. “ತಂದ್ಕೊಟ್ಟೋಳು ನಾನೇ,” ಅಂದರು.

“ಹೌದು. ಹೇಳಿದೋರೂ ನೀವೇ. ನೀವು ಬಾಯಿ ಬಿಡದೇ ಇದ್ದಿದ್ರೆ ನಾನು ಇನ್ನೂ ಹುಡುಕ್ತಾ ಇರ್ತಿದ್ದೆ.”

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ನನ್ನದು ಸಮಾಧಾನದ ಅಳು. ನನ್ನ ಕಾಯಿಲೆಗೆ ಅತ್ತೆ ಕಾರಣವಲ್ಲ, ಗಂಡ ಕಾರಣವಲ್ಲ, ಶಾಲೆ ಕಾರಣವಲ್ಲ. ಕಾರಣ ಒಂದು ಹಿಡಿ ಪುಡಿ. ಅದನ್ನು ಮನೆಯಿಂದ ಆಚೆ ಹಾಕಬಹುದು.

ಆ ಮನೆಯ ಪರೀಕ್ಷೆ ಸುಳ್ಳಾಗಿತ್ತಾ ಎಂದು ಮರುದಿನ ಡಾಕ್ಟರನ್ನು ಕೇಳಿದೆ. ಅವರು ಬೆಳಗಿನ ರಕ್ತ ತೆಗೆದು ತಾವೇ ಕಾರ್ಟಿಸಾಲ್ ನೋಡಿದ್ದರು. ನಂಬರು ಸರಿಯಾಗೇ ಇತ್ತು, ಅದಕ್ಕೆ ಬರೆದ ಅರ್ಥ ತಪ್ಪು ಅಂದರು. ನನಗೆ ತಟ್ಟನೆ ತಿಳಿಯಿತು. ನನ್ನ ಸ್ಟಾಪ್‌ವಾಚ್ ಹುಡುಗಿ ನಿಧಾನ ಓಡಿದಳು ಎಂದು ಹೇಳುತ್ತದೆ. ಚಪ್ಪಲಿ ಕಚ್ಚುತ್ತಿತ್ತೋ, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವೋ ಎಂದು ಅದು ಹೇಳುವುದಿಲ್ಲ. ಅದನ್ನು ಹುಡುಗಿಯನ್ನೇ ಕೇಳಬೇಕು. ಆ ಕೇಳುವ ಕೆಲಸ ನಾನು ನನ್ನ ಮೇಲೆ ಮಾಡಿಕೊಂಡಿರಲಿಲ್ಲ.

ಪುಡಿ ಅಂದೇ ಬಂದ್. ಆದರೆ ಬದಲಿಗೆ ಮಾತ್ರೆ ಅಂದೇ ಶುರು. ಒಂದು ದಿನವೂ ತಪ್ಪಿಸಬಾರದು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಜ್ವರ ಬಂದರೆ ಎರಡರಷ್ಟು ತಗೊಳ್ಳಬೇಕು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ ಎಂಬ ಕಾರ್ಡು ಸದಾ ಪರ್ಸಿನಲ್ಲಿರಬೇಕು. ಲ್ಯಾಬಿನ ಉತ್ತರವೂ ಬಂತು. ಪುಡಿಯಲ್ಲಿ ಸ್ಟೀರಾಯ್ಡ್ ಇತ್ತು.

ಅತ್ತೆ ಬಾಣಾವರಕ್ಕೆ ವಾಪಸ್ ಹೋಗಲಿಲ್ಲ. ಬ್ಯಾಗು ಅರಸೀಕೆರೆಗೆ ಬಂತು, ಒದರಾಟವೂ ಬಂತು. ಮಾತ್ರೆ ಕೊಡುವ ಕೆಲಸ ಅವರೇ ವಹಿಸಿಕೊಂಡರು. ಆಮೇಲೆ ಇನ್ನೊಂದು ಕೆಲಸವನ್ನೂ ಹಿಡಿದರು. ಆ ಮರದ ಕೆಳಗೆ ಹೋಗಿ ನೋಡಿದರು, ಪುಡಿಯವನು ಜಾಗ ಖಾಲಿ ಮಾಡಿದ್ದ. ಸರಿ, ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಕೂತರು. ಯಾರಿಗೂ ಹೇಳಬಾರದು ಎಂದು ಒಂದು ವರ್ಷ ಬಾಯಿ ಕಟ್ಟಿಕೊಂಡಿದ್ದ ಹೆಂಗಸು ಬೇಲೂರು ಬಸ್ಸಿಗೆ ಕಾಯುವವರಿಗೆಲ್ಲ ಹೇಳತೊಡಗಿದರು. “ಏನವ್ವಾ, ಮಂಡಿಗೆ ಪುಡಿ ತಿಂತೀಯಾ? ಮುಖ ದಪ್ಪ ಆಗೈತಾ? ತಟಕ್ಕಂತ ಬಿಡ್ಬ್ಯಾಡ, ಮೊದ್ಲು ಡಾಕ್ಟ್ರಿಗೆ ತೋರ್ಸು.” ಡಾಕ್ಟರ ಮಾತನ್ನು ಅವರು ಅಕ್ಷರ ಬಿಡದೆ ಕಲಿತಿದ್ದರು. ಅಡಗೂರಿನ ಒಬ್ಬಾಕೆ ನಿಜವಾಗಿಯೂ ತನ್ನ ಡಬ್ಬಿ ಸಮೇತ ಹಾಸನಕ್ಕೆ ಹೋದಳು. ಅಂದು ಅತ್ತೆ ಮನೆಯಲ್ಲಿ ಹೋಳಿಗೆ ಮಾಡಿದರು.

ನನ್ನ ಪಂದ್ಯ ಮನೆಯೊಳಗೆ ನಡೆಯಿತು. ಫಿಸಿಯೋಥೆರಪಿಯವರು ಕುರ್ಚಿಯಿಂದ ಕೈ ಬಳಸದೆ ಏಳುವುದನ್ನು ಹೇಳಿಕೊಟ್ಟಿದ್ದರು. ಮೊದಲು ಅದೂ ಆಗಲಿಲ್ಲ. ಮಾತ್ರೆ ಇಳಿಸಿದಾಗಲೆಲ್ಲ ಮೈಕೈ ನೋವು, ಬೆಳಿಗ್ಗೆ ಏಳಲು ಅಸಾಧ್ಯ ಬೇಸರ. ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದೇನೆ. ಆಗ ಅತ್ತೆ ಬಂದು ಕಾಲಿನ ಹತ್ತಿರ ನಿಲ್ಲುತ್ತಿದ್ದರು.

“ಮಕ್ಕಳಿಗಾದ್ರೆ ಸೀಟಿ ಊದಿ ಎಬ್ಬುಸ್ತೀಯ. ನಿಂಗ್ಯಾರವ್ವಾ ಊದೋರು?”

ಒಂದು ಬೆಳಿಗ್ಗೆ ಅವರೇ ನನ್ನ ಸೀಟಿ ತೆಗೆದುಕೊಂಡು ಊದಿದರು. ಎದುರುಮನೆಯವರು ಹೊರಗೆ ಬಂದು ನೋಡಿದರು. ನಾನು ನಗುತ್ತ ಎದ್ದೆ.

ಕುರ್ಚಿಯಿಂದ ಏಳುವುದು ಬಂದ ಮೇಲೆ ಅತ್ತೆ ಮಂಚದ ಅಂಚಿಗೆ ಕೂರಿಸಿದರು. ಆಮೇಲೆ ಹಾಲು ಕರೆಯುವಾಗ ಅವರ ತವರಿನಲ್ಲಿ ಕೂರುತ್ತಿದ್ದ ಪುಟ್ಟ ಸ್ಟೂಲು ತರಿಸಿದರು. ಆಮೇಲೆ ತೆಂಗಿನಕಾಯಿ ತುರಿಯುವ ಮಣೆ. ಆಮೇಲೆ ಊಟದ ಮಣೆ. ಮನೆಯಲ್ಲಿದ್ದ ಆಸನಗಳೆಲ್ಲ ಎತ್ತರದ ಪ್ರಕಾರ ಗೋಡೆಗೆ ಸಾಲಾಗಿ ನಿಂತಿದ್ದವು. ಪ್ರಕಾಶ್ ಪೇಪರ್ ಕೆಳಗಿಟ್ಟು, ನಾನು ಎದ್ದಾಗಲೆಲ್ಲ ಹಸಿರು ಬಾವುಟದ ಹಾಗೆ ಟವೆಲ್ ಬೀಸುತ್ತಿದ್ದರು. ಮುಖದ ಊತ ಇಳಿಯಿತು. ಬೀದಿಯವರು ಈಗ ಮರುಗತೊಡಗಿದರು. “ಯಾಕವ್ವಾ ಹಿಂಗ್ ಸೊರಗೋದೆ, ಊಟ ಮಾಡ್ತಿಲ್ವಾ?” ನನಗೆ ಅಷ್ಟು ಸಂತೋಷ ಕೊಟ್ಟ ಮರುಕ ಇನ್ನೊಂದಿಲ್ಲ.

ಹಾಸನಕ್ಕೆ ರಕ್ತ ಕೊಟ್ಟು ಬಂದಾಗಲೆಲ್ಲ ಅತ್ತೆಯ ಪ್ರಶ್ನೆ ಒಂದೇ. “ಒಲೆ ಹತ್ತಿತಾ?” ಇಲ್ಲ ಅತ್ತೆ, ಇನ್ನೂ ಇಲ್ಲ. ಮುಂದಿನ ಸಲವೂ ಇಲ್ಲ. ಅದರ ಮುಂದಿನ ಸಲ ಡಾಕ್ಟರು ರಿಪೋರ್ಟನ್ನು ನನ್ನ ಕಡೆ ತಿರುಗಿಸಿದರು.

“ಹತ್ತಿದೆ. ಸಣ್ಣ ಉರಿ. ಆದ್ರೆ ನಿಮ್ಮದೇ.”

ನಾನು ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಆ ಕಡೆಯಿಂದ ಸೀಟಿಯ ಸದ್ದು ಕೇಳಿಸಿತು.

ನನಗೆ ಒಂದು ಹಟ ಉಳಿದಿತ್ತು. ಅದೇ ಎಂಜಲಿನ ಪರೀಕ್ಷೆಯನ್ನು ಇನ್ನೊಂದು ಸಲ ಮಾಡಬೇಕು. ಡಾಕ್ಟರು ನಕ್ಕು, ಮಾಡಿ, ಆದ್ರೆ ಅರ್ಥ ನನ್ನನ್ನ ಕೇಳಿ ಅಂದರು. ನಾಲ್ಕು ಟ್ಯೂಬುಗಳನ್ನು ತುಂಬಿದೆ. ರಾತ್ರಿ ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಾಗ ಅತ್ತೆ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರು.

“ಇದ್ರಾಗೆ ಇಟ್ಟು ಮುಚ್ಚು. ಮೇಲ್ಗಡೆ ಗೂಡಲ್ಲಿಡು. ಹಾಲಿನ ಹತ್ರ ಬ್ಯಾಡ.”

“ಎಂಜಲು ಅತ್ತೆ.”

“ಗೊತ್ತೈತೆ ಬಿಡವ್ವ. ಆ ಎಂಜ್ಲೇ ಅಲ್ವಾ ಕಾಪಾಡಿದ್ದು.”

ಈ ಸಲ ಗೆರೆ ಬೆಳಿಗ್ಗೆ ತಲೆಯೆತ್ತಿತ್ತು. ಎತ್ತರದ ಗುಡ್ಡವೇನಲ್ಲ, ದಿಬ್ಬ. ನನಗೆ ಸಾಕು.

ಮೊನ್ನೆ ಸಂಜೆ ಅಭ್ಯಾಸಕ್ಕೆ ಒಬ್ಬ ಹುಡುಗಿ ಬಂದಿರಲಿಲ್ಲ. ಸಾಲಿನಲ್ಲಿ ಎಂಟು ಜನ ಕೂರಬೇಕು, ಒಂದು ಜಾಗ ಖಾಲಿ. ಮಕ್ಕಳು ನನ್ನ ಕುರ್ಚಿಯ ಕಡೆ ನೋಡಲಿಲ್ಲ. ನನ್ನ ಮನಸ್ಸಿಗೆ ನೋವಾಗಬಾರದು ಎಂದು ಅವರು ಹಾಗೆ ರೂಢಿ ಮಾಡಿಕೊಂಡಿದ್ದರು. ನಾನು ಸ್ಟಾಪ್‌ವಾಚ್ ಕಳಚಿ ಕುರ್ಚಿಯ ಮೇಲಿಟ್ಟು ಹೋಗಿ ಆ ಜಾಗದಲ್ಲಿ ಕೂತೆ. ಕುಕ್ಕರಗಾಲು, ಬೆರಳು ನೆಲಕ್ಕೆ. ಮಣೆಗಿಂತ ಕೆಳಗೆ ನಾನು ಇನ್ನೂ ಇಳಿದಿರಲಿಲ್ಲ. ನಿಜವಾಗಿಯೂ ಹೆದರಿದ್ದೆ. ಹರ್ಷಿತಾ ಓಡಿ ಬರುತ್ತಿದ್ದಳು. ಅವಳು ಯಾರಿಗೆ ಬೇಕಾದರೂ ಖೋ ಕೊಡಬಹುದಿತ್ತು. ಹೆಜ್ಜೆಯ ಸದ್ದು ನನ್ನ ಹಿಂದೆ ನಿಂತಿತು. ಬೆನ್ನಿನ ಮೇಲೆ ಕೈ ಬಿತ್ತು. ಮೆಲ್ಲಗೆ ಅಲ್ಲ, ಆಟದಲ್ಲಿ ಹೇಗೆ ಬೀಳಬೇಕೋ ಹಾಗೆ.

“ಖೋ.”

ಎದ್ದೆ.

ಎದ್ದವಳು ಓಡಿದೆ. ಕಂಬದ ತನಕ ಹೋಗುವಷ್ಟರಲ್ಲಿ ಏದುಸಿರು ಬಂದಿತ್ತು, ಯಾರನ್ನೂ ಮುಟ್ಟಲಾಗಲಿಲ್ಲ. ಎದುರಾಳಿ ಹುಡುಗಿಯರು ಓಡುವುದನ್ನು ಮರೆತು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆಟದ ನಡುವೆ ನಿಂತಿದ್ದಕ್ಕೆ ಅವರೆಲ್ಲರಿಗೂ ಒಂದು ಸುತ್ತು ಶಿಕ್ಷೆ ಕೊಟ್ಟೆ. ಪರ್ಸಿನಲ್ಲಿ ಕಾರ್ಡು ಇನ್ನೂ ಇದೆ, ಬೆಳಗಿನ ಅರ್ಧ ಮಾತ್ರೆಯೂ ಇದೆ. ಇರಲಿ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಬಟ್ಟೆಯ ಮೇಲಿನ ಕೆಮ್ಮಣ್ಣು ನೋಡಿದರು.

“ಕೂತಿದ್ಯಾ?”

“ಕೂತಿದ್ದೆ.”

“ಎದ್ಯಾ?”

“ಎದ್ದೆ ಅತ್ತೆ.”

“ಮಂಡಿ ಹಿಡ್ಕೊಂಡಾ?”

“ಹಿಡ್ಕೊಳ್ಳಲಿಲ್ಲ.”

ಅವರು ಕಣ್ಣು ಒರೆಸಿಕೊಂಡರು. ಮೊರ ಪಕ್ಕಕ್ಕಿಟ್ಟು ಒಳಗೆ ಹೋಗಿ, ಒಲೆ ಹಚ್ಚಿ, ಕಾಫಿಗೆ ಹಾಲಿಟ್ಟರು.